ಗಿರಿಜತ್ತೆಯ ಐದನೇ ಎಸಳು

ಫೋನು ಬಂದಾಗ ನಾನು ಹಿತ್ತಿಲ ಬಾಗಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದೆ. ಈ ಕೆಲಸ ಮಾಡಿದವರಿಗೆ ಗೊತ್ತು, ಒಂದು ಸಲ ಕೂತರೆ ಎರಡು ಕೈಯೂ ನಮ್ಮವಲ್ಲ. ಅಂಟು ಮೊಣಕೈವರೆಗೂ ಹತ್ತಿರುತ್ತದೆ, ಮೂಗು ತುರಿಸಿದರೂ ಸುಮ್ಮನಿರಬೇಕು. ಕಿರುಬೆರಳ ತುದಿಯನ್ನು ಸೆರಗಿಗೆ ಒರೆಸಿ, ಅದರಲ್ಲೇ ಫೋನು ಒತ್ತಿ, ನೆಲದ ಮೇಲಿಟ್ಟುಕೊಂಡೇ ಬಗ್ಗಿ ಮಾತಾಡಿದೆ.

ಯಗಟಿ ಕಡೆಯಿಂದ ಒಬ್ಬ ಹೆಂಗಸು ಪ್ರತಿ ಬೇಸಿಗೆಗೂ ಕಡೂರಿನ ನಮ್ಮ ಮನೆಗೆ ಹಣ್ಣು ತಂದುಕೊಡುತ್ತಾಳೆ. ಯಜಮಾನರು ಇದ್ದಾಗ ಎಷ್ಟು ತರುತ್ತಿದ್ದಳೋ ಈಗಲೂ ಅಷ್ಟೇ ತರುತ್ತಾಳೆ, ನಾನೂ ಬೇಡವೆನ್ನದೆ ತೆಗೆದುಕೊಳ್ಳುತ್ತೇನೆ. ನಮಗೆ ಮಕ್ಕಳಾಗಲಿಲ್ಲ, ಅವರು ಶಿವನ ಪಾದ ಸೇರಿ ಕೆಲವು ವರ್ಷಗಳಾದವು. ಒಬ್ಬಳ ಸಾರಿಗೆ ವರ್ಷಕ್ಕೆ ಎಷ್ಟು ಹುಳಿ ಬೇಕು? ಅಂದು ಬೆಳಿಗ್ಗೆ ಅದನ್ನೇ ಯೋಚಿಸುತ್ತ, ಅರ್ಧ ಹಣ್ಣನ್ನು ಪಕ್ಕದ ಮನೆಯ ಜಯಮ್ಮನಿಗೆ ಕೊಟ್ಟುಬಿಡೋಣ, ಈ ವಯಸ್ಸಿನಲ್ಲಿ ಯಾರಿಗಾಗಿ ಜಾಡಿ ತುಂಬಬೇಕು ಎಂದುಕೊಳ್ಳುತ್ತಿದ್ದೆ.

ಫೋನು ಮಾಡಿದವಳು ಅಜ್ಜಂಪುರದಿಂದ ಶಾರದ, ನನ್ನ ಸೋದರತ್ತೆ ಗಿರಿಜಮ್ಮನ ಸೊಸೆ. ಒಳ್ಳೆಯ ಹೆಣ್ಣು, ಸ್ವಲ್ಪ ಜೋರಾಗಿ ಮಾತಾಡುತ್ತಾಳೆ.

"ಅಕ್ಕಾ, ಊಟ ಆಯ್ತಾ? ನಮ್ಮತ್ತೆ ನಿಮಗೊಂದು ಮಾತು ಹೇಳು ಅಂದ್ರು. ಆ ಪೂಜೆ ವಸ್ತ್ರ ಪೂರ್ತಿ ಆಯ್ತಂತೆ. ಬಂದು ತಗೊಂಡೋಗ್ಬೇಕಂತೆ."

"ಪೂರ್ತಿ ಆಯ್ತಾ?"

"ಹೂಂ ಅಕ್ಕ, ನಿನ್ನೆ ಸಂಜೆ ದಾರ ಕಡಿದು ಮಡಚಿಟ್ರು. ಯಾಕೆ, ಲೈನ್ ಸರಿ ಇಲ್ವಾ?"

ಲೈನು ಸರಿಯಾಗಿಯೇ ಇತ್ತು. ಹಣ್ಣಿನ ಮೊರವನ್ನು ಇದ್ದಲ್ಲೇ ಬಿಟ್ಟು ಎದ್ದು ಕೈ ತೊಳೆದೆ. ಶಾರದಳ ಮಟ್ಟಿಗೆ ಅದು ಸಂತೋಷದ ಸುದ್ದಿ. ನನಗೆ ಯಾಕೆ ಅಲ್ಲ ಅನ್ನುವುದನ್ನು ಹೇಳಬೇಕಾದರೆ ತರೀಕೆರೆಯಿಂದ ಶುರುಮಾಡಬೇಕು.

ನಮ್ಮ ಮನೆ ತರೀಕೆರೆಯಲ್ಲಿತ್ತು. ಅಪ್ಪ ಮತ್ತು ನಾನು ಇಬ್ಬರೇ. ಅಮ್ಮ ನನಗೆ ನೆನಪು ಗಟ್ಟಿಯಾಗುವ ಮೊದಲೇ ಹೋಗಿದ್ದರು. ಅಪ್ಪ ಕಡಿಮೆ ಮಾತಿನವರು, ಅನ್ನ ಮಾಡುವುದನ್ನು ಕಲಿತಿದ್ದರು, ಜಡೆ ಹಾಕುವುದನ್ನು ಕಲಿಯಲಿಲ್ಲ. ಪರೀಕ್ಷೆ ಮುಗಿದ ಕೂಡಲೇ ನನ್ನನ್ನು ಬಸ್ಸು ಹತ್ತಿಸಿ ಅಜ್ಜಂಪುರದಲ್ಲಿದ್ದ ತಮ್ಮ ಅಕ್ಕ ಗಿರಿಜತ್ತೆಯ ಮನೆಗೆ ಬಿಟ್ಟುಬರುತ್ತಿದ್ದರು. ಅಲ್ಲಿ ಮಾವನವರದು ಈರುಳ್ಳಿ ವ್ಯಾಪಾರ. ಬೇಸಿಗೆಯಲ್ಲಿ ಆ ಮನೆಯ ಗೋಡೆಗೂ ಈರುಳ್ಳಿಯ ವಾಸನೆ ಇರುತ್ತಿತ್ತು. ಬೆಳಿಗ್ಗೆ ಮಾಳಿಗೆಯ ಮೇಲೆ ಸಂಡಿಗೆ ಇಟ್ಟು, ಮಧ್ಯಾಹ್ನ ಬಿಸಿಲು ನೆತ್ತಿಗೇರಿದ ಮೇಲೆ ನಡುಮನೆಯ ತಣ್ಣನೆಯ ನೆಲದಲ್ಲಿ ಓಣಿಯ ಹುಡುಗಿಯರೆಲ್ಲ ಅತ್ತೆಯ ಸುತ್ತ ಕೂರುತ್ತಿದ್ದೆವು. ಕಸೂತಿ ಕಲಿಯುವುದಕ್ಕೆ.

ಅತ್ತೆಯ ಪಾಠಕ್ಕೆ ಪುಸ್ತಕವಿಲ್ಲ. ಕೈಕಾಲು ತೊಳೆದು ಹಣೆಗೆ ವಿಭೂತಿ ಇಟ್ಟುಕೊಂಡವರಿಗೆ ಮಾತ್ರ ಸೂಜಿ. ದಾರದ ಲಡಿಗಳು ಮಾವನವರ ಹಳೆಯ ಬುತ್ತಿ ಕ್ಯಾರಿಯರಿನಲ್ಲಿ, ಕೊಕ್ಕೆ ಮುರಿದು ಊಟಕ್ಕೆ ಬಾರದೆ ಹೋಗಿದ್ದ ಮೂರು ಡಬ್ಬಿಯದು. ಮೇಲಿನ ಡಬ್ಬಿಯಲ್ಲಿ ಕೆಂಪು, ನಡುವಿನದರಲ್ಲಿ ಹಸಿರು, ಕೆಳಗಿನದರಲ್ಲಿ ಉಳಿದ ಬಣ್ಣಗಳೆಲ್ಲ. "ಹೂವು ಮೇಲೆ, ಎಲೆ ಮಧ್ಯ, ಮಿಕ್ಕಿದ್ದು ಬೇರು" ಎನ್ನುತ್ತಿದ್ದರು. ಯಾರಾದರೂ ಡಬ್ಬಿ ಅದಲು ಬದಲು ಮಾಡಿದರೆ ಅಂದು ಅವರಿಗೆ ಪಾನಕ ಇಲ್ಲ.

ನನ್ನ ಮೊದಲ ದಿನದ ಕೆಲಸವನ್ನು ಆ ಓಣಿ ಬಹಳ ವರ್ಷ ನೆನಪಿಟ್ಟುಕೊಂಡಿತ್ತು. ಬಟ್ಟೆಯನ್ನು ರಿಂಗಿಗೆ ಹಾಕದೆ ತೊಡೆಯ ಮೇಲೆ ಹಾಸಿಕೊಂಡು, ನಾಲಿಗೆ ಕಚ್ಚಿಕೊಂಡು, ಶ್ರದ್ಧೆಯಿಂದ ಒಂದು ಬಳ್ಳಿ ಹಾಕಿದೆ. ಪಾನಕಕ್ಕೆ ಕರೆದಾಗ ಎದ್ದರೆ ಬಟ್ಟೆಯೂ ನನ್ನ ಜೊತೆಗೇ ಎದ್ದಿತು. ಬಳ್ಳಿಯನ್ನು ಲಂಗಕ್ಕೇ ಸೇರಿಸಿ ಹೊಲಿದಿದ್ದೆ.

"ಲೇ, ಇವಳು ಲಂಗಕ್ಕೆ ಬಾಗಿಲ ಪರದೆ ಕಟ್ಕೊಂಡವ್ಳೆ ನೋಡ್ರೇ" ಎಂದು ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ನನ್ನನ್ನು ನಿಲ್ಲಿಸಿಕೊಂಡೇ ಒಂದೊಂದು ಹೊಲಿಗೆ ಬಿಚ್ಚಿದರು. "ಬಿಚ್ಚೋದು ಕಲಿತ್ಕೊ ಮೊದಲು. ಹಾಕೋದು ತಾನಾಗೇ ಬತ್ತದೆ."

ಕುಣಿಕೆ ಹೊಲಿಗೆಯಲ್ಲಿ ಕಣಗಿಲೆ ಹೂವು ಹಾಕುವುದನ್ನು ಅವರು ಕಲಿಸಿದರು. ಸೂಜಿ ಮೇಲೆ ತಂದು, ದಾರವನ್ನು ಕುಣಿಕೆ ಮಾಡಿ, ತುದಿಯಲ್ಲಿ ಒಂದು ಸಣ್ಣ ಕಟ್ಟು. ಒಂದು ಕುಣಿಕೆಗೆ ಒಂದು ಎಸಳು, ಐದು ಎಸಳಿಗೆ ಒಂದು ಹೂವು. ಆ ಬೇಸಿಗೆ ಒಂದು ಕರವಸ್ತ್ರದ ಮೂಲೆಯಲ್ಲಿ ಹೂವು ಹಾಕಿಕೊಂಡು ಬಂದೆ. ಶಾಲೆ ಶುರುವಾಗುವ ಮುನ್ನಾದಿನ ಅಪ್ಪ ಕರೆದೊಯ್ಯಲು ಬಂದಾಗ ನಾಲ್ಕು ಎಸಳು ಆಗಿತ್ತು. ನಾನು ಬಾಗಿಲ ಹಿಂದೆ ನಿಂತು ಅಳುತ್ತಿದ್ದೆ. ತರೀಕೆರೆಯ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಎಷ್ಟು ಸದ್ದಿಲ್ಲದೆ ಇರುತ್ತದೆ ಅನ್ನುವುದನ್ನು ಯಾರಿಗೆ ಹೇಳಲಿ? ಅತ್ತೆ ಬಂದು ಕರವಸ್ತ್ರ ಇಸಕೊಂಡರು. ದಾರ ಕಡಿಯಲಿಲ್ಲ. ಸೂಜಿಯನ್ನು ಬಟ್ಟೆಗೇ ಚುಚ್ಚಿ ಮಡಚಿದರು.

"ಐದನೇದು ಹಾಕ್ಬ್ಯಾಡ. ಇದು ಇಲ್ಲೇ ಇರತ್ತೆ, ನೀನು ಬರೋಗಂಟ ಯಾರೂ ಮುಟ್ಟಲ್ಲ. ಮುಂದಿನ ಬ್ಯಾಸ್ಗೆಗೆ ಬಂದು ಹಾಕು."

"ಬರದೇ ಇದ್ರೆ?"

"ಅರ್ಧ ಹೂವು ಬಿಟ್ಟು ಎಲ್ಲಿಗೋಯ್ತೀಯೇ?"

ಮನೆಯಿಂದ ಹೊರಡುವಾಗ ನಾವು 'ಹೋಗುತ್ತೇನೆ' ಅನ್ನುವುದಿಲ್ಲ, 'ಹೋಗಿ ಬರುತ್ತೇನೆ' ಅನ್ನುತ್ತೇವಲ್ಲ, ಅತ್ತೆ ಅದನ್ನೇ ಸೂಜಿಯಲ್ಲಿ ಹೇಳುತ್ತಿದ್ದರು ಎಂದು ನನಗೆ ಈಗ ಅನ್ನಿಸುತ್ತದೆ. ಆಗ ಅಷ್ಟೆಲ್ಲ ತಿಳಿಯಲಿಲ್ಲ. ಆದರೆ ಆ ವರ್ಷವೆಲ್ಲ ರಾತ್ರಿ ಮಲಗುವಾಗ ಅಜ್ಜಂಪುರದ ಮನೆಯ ಗೋಡೆಗೂಡಿನಲ್ಲಿ ನನಗಾಗಿ ಚುಚ್ಚಿಟ್ಟ ಒಂದು ಸೂಜಿ ಇದೆ ಎಂದು ನೆನೆಸಿಕೊಂಡರೆ ನಿದ್ದೆ ಬರುತ್ತಿತ್ತು. ಮುಂದಿನ ಬೇಸಿಗೆ ಬಂದು ಐದನೇ ಎಸಳು ಹಾಕಿ, ಹೊಸದೊಂದು ಶುರುಮಾಡಿ, ಅದರಲ್ಲೂ ಒಂದು ಎಸಳು ಬಿಟ್ಟು ಹೋದೆ. ಹಾಗೇ ಪ್ರತಿ ವರ್ಷ.

ಒಂದೇ ಒಂದು ಬೇಸಿಗೆ ಹಾಗಾಗಲಿಲ್ಲ. ಕಡೂರಿನ ಸಂಬಂಧ ಗೊತ್ತಾದ ವರ್ಷ ಅದು. ಜೋಡಿ ದಿಂಬಿನ ಚೀಲಕ್ಕೆ ಕಣಗಿಲೆ ಹಾಕುತ್ತಿದ್ದೆ. ಕೊನೆಯ ಎಸಳಿಗೆ ಬಂದಾಗ ಅಭ್ಯಾಸದಂತೆ ಸೂಜಿ ಚುಚ್ಚಿಡಲು ಹೋದೆ. ಅತ್ತೆ ಕೈ ಹಿಡಿದರು.

"ಈ ಸಲ ಪೂರ್ತಿ ಮಾಡ್ಬಿಡು ತಾಯಿ."

ನಾನು ಹಿಗ್ಗಿ ಪೂರ್ತಿ ಮಾಡಿದೆ. ದಾರವನ್ನು ಅತ್ತೆ ಹಲ್ಲಿನಿಂದ ಕಡಿದು, ಆ ಕಡೆ ತಿರುಗಿ ಕೂತರು. ಮದುವೆಯ ಉತ್ಸಾಹದಲ್ಲಿದ್ದ ಹುಡುಗಿಗೆ ಅವರು ಯಾಕೆ ಆ ಕಡೆ ತಿರುಗಿದರು ಎಂದು ಕೇಳಲು ಪುರುಸೊತ್ತಿರಲಿಲ್ಲ. ಆಮೇಲೆ ಅಜ್ಜಂಪುರಕ್ಕೆ ಹೋದಾಗಲೆಲ್ಲ ನಾನು ನೆಂಟಳಾಗಿ ಹೋದೆ. ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್ಸು. ಕಸೂತಿಯೂ ಕೈಬಿಟ್ಟಿತು.

ಯಜಮಾನರು ಹೋದ ವರ್ಷ ಅತ್ತೆ ಒಂದು ಬಿಳಿ ಬಟ್ಟೆಗೆ ಗೆರೆ ಹಾಕಿಸಿ ಹೊಸದಾಗಿ ಶುರುಮಾಡಿದರು. ಲಿಂಗಪೂಜೆಗೆ ಕೂತಾಗ ಮುಂದೆ ಹಾಸಿಕೊಳ್ಳುವ ವಸ್ತ್ರ, ಅಂಚಿನ ಸುತ್ತ ಕಣಗಿಲೆ ಹೂವು. "ಇದು ನಿಂಗೆ ಕಣೇ. ನಿಧಾನಕ್ಕೆ ಹಾಕ್ತೀನಿ, ಬಂದು ನೋಡ್ಕೊಂಡು ಹೋಗ್ತಿರು" ಎಂದರು. ಹೋದಾಗಲೆಲ್ಲ ತೋರಿಸುತ್ತಿದ್ದರು. ಯಾವಾಗಲೂ ಒಂದು ಹೂವಿಗೆ ನಾಲ್ಕೇ ಎಸಳು. ಅಷ್ಟರಲ್ಲಿ ಅವರ ಕಣ್ಣು ಮಂಜಾಗುತ್ತ ಬಂತು, ನರ ಒಣಗಿದೆ ಎಂದರಂತೆ ಡಾಕ್ಟರು. ಆದರೂ ಬೆರಳಿನಲ್ಲೇ ತಡವಿ ಹಾಕುತ್ತಿದ್ದರು. ನಿಮಗೆ ಸಣ್ಣದಾಗಿ ಕಾಣಬಹುದು, ಆದರೆ ಈ ಲೋಕದಲ್ಲಿ ನನ್ನನ್ನು 'ಮತ್ತೆ ಯಾವಾಗ ಬತ್ತೀಯ' ಎಂದು ಕೇಳುತ್ತಿದ್ದವರು ಅವರೊಬ್ಬರೇ.

ಅವರು ಈಗ ಪೂರ್ತಿ ಮಾಡಿದ್ದಾರೆ ಎಂದರೆ ಅದರ ಅರ್ಥ ನನಗೆ ಗೊತ್ತು. ಶಾರದಳಿಗೆ ಗೊತ್ತಿಲ್ಲ.

ಮರುದಿನ ಪೂಜೆ ಮುಗಿಸಿ ಹೊರಟೆ. ಬೀರೂರಿನಲ್ಲಿ ಬಸ್ಸು ಬದಲಿಸುವಾಗ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಬಿಸಿಲು ಆ ಕಡೆಯ ಕಿಟಕಿಗಿತ್ತು, ನನ್ನ ಕಡೆ ಗಾಳಿ ಇತ್ತು. ಇಂಥವನ್ನು ನಾನು ಎಣಿಸಿ ಇಟ್ಟುಕೊಳ್ಳುತ್ತೇನೆ. ಶಿವ ದೊಡ್ಡದನ್ನು ಕೊಡುವಾಗ ನಮ್ಮನ್ನು ಕೇಳುವುದಿಲ್ಲ, ತೆಗೆದುಕೊಳ್ಳುವಾಗಲೂ ಕೇಳುವುದಿಲ್ಲ, ಕಿಟಕಿಯ ಸೀಟನ್ನಾದರೂ ನೆನೆಯಬೇಕು.

ಅತ್ತೆ ನಡುಮನೆಯಲ್ಲಿ ಗೋಡೆಗೊರಗಿ ಕೂತಿದ್ದರು. ಮೈ ಇನ್ನಷ್ಟು ಇಳಿದಿತ್ತು. ಹೆಜ್ಜೆ ಸದ್ದಿನಲ್ಲೇ ಗುರುತು ಹಿಡಿದರು.

"ಬಂದ್ಯಾ? ಬಿಸಿಲಲ್ಲಿ ಸೆರಗು ಹೊದ್ಕೊಂಡು ಬಂದ್ಯಾ, ಇಲ್ಲ ತಲೆ ಬಿಟ್ಕೊಂಡು ಬಂದ್ಯಾ?"

"ಹೊದ್ಕೊಂಡೇ ಬಂದೆ ಅತ್ತೆ. ಯಾಕೆ ಮುಗಿಸಿಬಿಟ್ರಿ?"

ಅವರು ಮಡಚಿದ ವಸ್ತ್ರವನ್ನು ಮಡಿಲಿಗೆ ಎಳೆದುಕೊಂಡರು. ಆಮೇಲೆ ನಿಧಾನಕ್ಕೆ ಹೇಳಿದರು. "ಈಗ ನೆರಳು ಬಿಟ್ರೆ ಏನೂ ಕಾಣಲ್ಲ ಕಣೇ. ಇನ್ನೂ ಎಳೀತಾ ಕೂತ್ರೆ, ಅರ್ಧಕ್ಕೆ ಬಿಟ್ಟೋದ್ಲು ಮುದುಕಿ ಅಂತೀಯ. ಶಿವ ಕರೆಯೋ ಮುಂಚೆ ನಿನ್ನ ಕೈಗೆ ಹಾಕ್ಬಿಡೋಣ ಅಂತ. ತಗೊ, ಬಿಚ್ಚಿ ನೋಡು."

ಬಿಚ್ಚಿ ನೋಡಿದೆ. ಅಂಚಿನ ಸುತ್ತ ಕೆಂಪು ಕಣಗಿಲೆ, ಒಂದರ ಪಕ್ಕ ಒಂದು. ಹೊಲಿಗೆ ಅಲ್ಲಲ್ಲಿ ವಾಲಿತ್ತು, ಆದರೂ ಹೂವು ಹೂವೇ. ಕೊನೆಯ ಮೂಲೆಗೆ ಬಂದೆ. ಕೊನೆಯ ಹೂವಿನ ನಾಲ್ಕು ಎಸಳು ಕೆಂಪು. ಐದನೆಯದು ಹಸಿರು.

ತಲೆ ಎತ್ತಿ ಕ್ಯಾರಿಯರು ನೋಡಿದೆ. ಬೂದಿಯಲ್ಲಿ ತಿಕ್ಕಿದ ಹಾಗೆ ಫಳಫಳ ಹೊಳೆಯುತ್ತಿತ್ತು. ಡಬ್ಬಿ ಎತ್ತಿ ನೋಡಿದರೆ ಮೇಲಿನದರಲ್ಲಿ ಹಸಿರು ಲಡಿ, ನಡುವಿನದರಲ್ಲಿ ಕೆಂಪು. ಶಾರದ ಯುಗಾದಿಗೆ ಮನೆಯ ಪಾತ್ರೆಗಳ ಜೊತೆ ಅದನ್ನೂ ತೊಳೆದು ಜೋಡಿಸಿಟ್ಟಿದ್ದಳು. ಪಾಪ, ಅತ್ತೆಗೆ ಖುಷಿಯಾಗಲಿ ಎಂದೇ ಮಾಡಿದ್ದು. ಅತ್ತೆ ಮೇಲಿನ ಡಬ್ಬಿಯಿಂದ ಎಳೆ ತೆಗೆದು ಕೊಟ್ಟಿದ್ದಾರೆ, ಇವಳು ಪೋಣಿಸಿ ಕೊಟ್ಟಿದ್ದಾಳೆ. ಹಸಿರು ಕಂಡರೂ ಎಲೆ ಇರಬೇಕು ಎಂದುಕೊಂಡಿರಬೇಕು.

ಹೇಳಲೋ ಬೇಡವೋ? ಹೇಳದಿದ್ದರೆ ಮುದುಕಿಯ ಮನಸ್ಸು ತೃಪ್ತಿಯಾಗಿ ಇರುತ್ತದೆ, ನಾನು ವಸ್ತ್ರ ತೆಗೆದುಕೊಂಡು ಕಡೂರಿಗೆ ಹೋಗುತ್ತೇನೆ, ಅಲ್ಲಿಗೆ ಎಲ್ಲ ಮುಗಿಯಿತು. ಆ 'ಮುಗಿಯಿತು' ಅನ್ನುವುದೇ ನನಗೆ ಬೇಡವಾಗಿತ್ತು.

"ಅತ್ತೆ, ಡಬ್ಬಿ ತೊಳೆದಾಗ ಕೆಂಪು ಮಧ್ಯಕ್ಕೆ ಬಂದ್ಬಿಟ್ಟಿದೆ. ಕೊನೇ ಎಸಳು ಹಸಿರಾಗಿದೆ."

ಅವರ ಹೆಬ್ಬೆರಳು ಬಟ್ಟೆಯ ಮೂಲೆ ಹುಡುಕಿಕೊಂಡು ಬಂದು ಆ ಎಸಳ ಮೇಲೆ ನಿಂತಿತು. ಬಣ್ಣ ಬೆರಳಿಗೆ ತಿಳಿಯುತ್ತದೆಯೇ? ಹೇಳಬಾರದಿತ್ತೇನೋ ಎಂದುಕೊಂಡೆ. ಅಷ್ಟರಲ್ಲಿ ಅವರ ಭುಜ ಕುಲುಕತೊಡಗಿತು. ಲಂಗಕ್ಕೆ ಬಳ್ಳಿ ಹೊಲಿದ ದಿನ ನಕ್ಕ ಹಾಗೇ ನಗುತ್ತಿದ್ದರು.

"ಹಸಿರು ಕಣಗಿಲೆ ಶಿವನೂ ನೋಡಿರಲ್ಲ. ಬಿಚ್ಚೇ, ಬಿಚ್ಚು."

ಅವರೇ ಕಲಿಸಿದ ಹಾಗೆ, ಬಟ್ಟೆಗೆ ನೋವಾಗದಂತೆ ಬಿಚ್ಚಿದೆ. ಈ ವಯಸ್ಸಿನಲ್ಲೂ ಸೂಜಿಯ ತೂತು ನನ್ನ ಕಣ್ಣಿಗೆ ಕಾಣುತ್ತದೆ, ಅದೂ ನನ್ನ ಎಣಿಕೆಯಲ್ಲಿ ಒಂದು. ಬಿಚ್ಚಿದ ಜಾಗದಲ್ಲಿ ಎರಡು ಸಣ್ಣ ಚುಕ್ಕಿ ಉಳಿದವು. ಅತ್ತೆ ಅದರ ಮೇಲೆ ಬೆರಳಾಡಿಸಿದರು.

"ಈಗ ಕೆಂಪು ಪೋಣಿಸಿ ನೀನೇ ಒಂದು ಕುಣಿಕೆ ಹಾಕ್ಬಿಡು. ಮರ್ತಿಲ್ಲ ತಾನೆ?"

"ದಾರ ಇಲ್ಲ ಅತ್ತೆ. ಕೆಂಪು ಮುಗಿದೋಗಿದೆ."

ಕೆಂಪು ಮಧ್ಯಕ್ಕೆ ಬಂದಿದೆ ಎಂದು ಆಗಷ್ಟೇ ಹೇಳಿದವಳು ನಾನೇ. ಸುಳ್ಳು ಹೇಳುವುದಕ್ಕೂ ಅಭ್ಯಾಸ ಬೇಕು. ಅತ್ತೆ ಕೈ ಚಾಚಿ ಕ್ಯಾರಿಯರು ಎಳೆದುಕೊಂಡು, ಮೇಲಿನ ಡಬ್ಬಿ ಎತ್ತಿಟ್ಟು, ನಡುವಿನದರೊಳಗೆ ಬೆರಳು ಹಾಕಿದರು. ಲಡಿ ಅಲ್ಲೇ ಇತ್ತು, ದಪ್ಪಗೆ. ಅದನ್ನು ಒಮ್ಮೆ ಸವರಿ, ಮೇಲಿನ ಡಬ್ಬಿಯನ್ನು ಮತ್ತೆ ಮುಚ್ಚಿದರು.

"ಹೂಂ. ಮುಗಿದೋಗಿದೆ" ಎಂದರು. "ಕಡೂರಲ್ಲಿ ಸಿಕ್ಕರೆ ತಗೊಂಬಾ. ಆತುರ ಏನಿಲ್ಲ. ಮಳೆಗಾಲ ಕಳೀಲಿ."

"ಮುಂದಿನ ಬ್ಯಾಸ್ಗೆಗೆ ತತ್ತೀನಿ ಅತ್ತೆ."

"ಬ್ಯಾಸ್ಗೆವರ್ಗೂ ನಾನು ಕಾಯ್ಬೇಕಾ? ಭಾರಿ ಬುದ್ಧಿವಂತೆ ನೀನು." ವಸ್ತ್ರವನ್ನು ನನ್ನ ಕೈಯಿಂದ ಇಸಕೊಂಡು, ಖಾಲಿ ಸೂಜಿಯನ್ನು ಮೂಲೆಗೆ ಚುಚ್ಚಿ, ತಡವಿ ತಡವಿ ಮಡಚಿ ಗೂಡಿನಲ್ಲಿಟ್ಟರು. "ಆಗ್ಲಿ, ನೋಡೋಣ."

ಶಾರದ ಊಟಕ್ಕೆ ಕರೆದಳು. "ವಸ್ತ್ರ ತಗೊಂಡ್ರಾ ಅಕ್ಕ?" ಎಂದಳು. "ಸ್ವಲ್ಪ ಬಾಕಿ ಇದೆ" ಎಂದೆ.

ಬರುವಾಗ ಅತ್ತೆಯ ಪಾದ ಮುಟ್ಟಿ "ಹೋಗಿ ಬತ್ತೀನಿ" ಎಂದೆ. ತಲೆಯ ಮೇಲೆ ಕೈಯಿಟ್ಟರು. ಆ ಕೈಯಲ್ಲಿ ತೂಕವೇ ಇರಲಿಲ್ಲ. ಬಸ್ಸಿನಲ್ಲಿ ಉದ್ದಕ್ಕೂ ಆ ತೂಕವಿಲ್ಲದ ಕೈಯನ್ನೇ ನೆನೆಯುತ್ತ ಬಂದೆ. ನಾನೇನೂ ಸಣ್ಣ ಹುಡುಗಿಯಲ್ಲ. ಒಂದು ಎಸಳು ಬಿಟ್ಟ ಮಾತ್ರಕ್ಕೆ ಶಿವ ಯಾರನ್ನೂ ಕಾಯುತ್ತ ಕೂರುವುದಿಲ್ಲ ಎಂದು ಗೊತ್ತು. ಗೊತ್ತಿದ್ದೂ, ಆ ಗೂಡಿನಲ್ಲಿ ಈಗ ಮತ್ತೆ ಒಂದು ಸೂಜಿ ಇದೆ.

ಬೀಗ ತೆಗೆದು ಒಳಗೆ ಬಂದಾಗ ಮನೆ ನಾನು ಬಿಟ್ಟು ಹೋದ ಹಾಗೇ ಇತ್ತು, ಯಾರೂ ಒಂದು ಲೋಟವನ್ನೂ ಸರಿಸಿರಲಿಲ್ಲ. ದೀಪ ಹಚ್ಚಿ ಕೈಮುಗಿದೆ. ಹಿತ್ತಿಲ ಬಾಗಿಲಲ್ಲಿ ಹುಣಸೆಹಣ್ಣಿನ ಮೊರದ ಮೇಲೆ ಜಯಮ್ಮ ಕಾಂಪೌಂಡು ದಾಟಿ ಬಂದು ಒಂದು ಬಟ್ಟೆ ಮುಚ್ಚಿ ಹೋಗಿದ್ದಳು. ಅದನ್ನೂ ಎಣಿಸಿಕೊಂಡೆ.

ಸೆರಗು ಸಿಕ್ಕಿಸಿ ಕೂತೆ. ಉಳಿದ ಹಣ್ಣಿನ ಬೀಜವನ್ನೆಲ್ಲ ತೆಗೆದು, ಕಲ್ಲುಪ್ಪು ಹಾಕಿ ಕಲಸಿ ಉಂಡೆ ಕಟ್ಟಿ, ಜಾಡಿಯ ತಳದಿಂದ ಒತ್ತಿ ತುಂಬತೊಡಗಿದೆ. ಜಯಮ್ಮನಿಗೆ ಒಂದು ಪಾಲು ತೆಗೆದೆ. ಇನ್ನೊಂದು ಉಂಡೆಯನ್ನು ಮುತ್ತುಗದ ಎಲೆಯಲ್ಲಿ ಸುತ್ತಿ ಬೇರೆ ಇಟ್ಟೆ, ಅಜ್ಜಂಪುರಕ್ಕೆ ಹೋಗುವಾಗ ತೆಗೆದುಕೊಂಡು ಹೋಗಲು. ಆಮೇಲೆ ಜಾಡಿಯನ್ನು ಕಂಠದವರೆಗೂ ತುಂಬಿದೆ.