ಬೇಯಿಸುವ ಧಾತು

ಅಕ್ಕನ ಮಗಳನ್ನು ಬಿಟ್ಟರೆ ಚಿಕ್ಕಮ್ಮನಿಗೆ ತನ್ನವರೆನ್ನಲು ಯಾರೂ ಉಳಿದಿರಲಿಲ್ಲ. ಮದುವೆಯಾಗದ ಆಕೆ ಅಕ್ಕನ ಜೊತೆಯಲ್ಲೇ ಬಾಳಿದವಳು. ಆ ಅಕ್ಕ ಆಸ್ಪತ್ರೆಗೆ ಹೋದವಳು ಮನೆಗೆ ಮರಳಲಿಲ್ಲ.

ಚಿಕ್ಕಮ್ಮನಿಗೆ ನಿಘಂಟು ಕಚೇರಿಯಲ್ಲಿ ಕೆಲಸ. ರಷ್ಯನ್, ಪೋಲಿಷ್‌ನಂಥ ಸ್ಲಾವಿಕ್ ಭಾಷೆಗಳಿಗೆಲ್ಲ ಮೂಲವಾದ ನುಡಿಯೊಂದಿತ್ತು. ಅದನ್ನು ಯಾರೂ ಬರೆದಿಡಲಿಲ್ಲ. ಮಕ್ಕಳ ಮುಖ ನೋಡಿ ತಾಯಿಯ ಮುಖ ಊಹಿಸಿದಂತೆ, ಇಂದಿನ ಪದಗಳನ್ನು ಹೋಲಿಸಿ ಹಳೆಯದನ್ನು ಕಟ್ಟುವುದೇ ಅವಳ ಪಾಲಿನ ಕೆಲಸ. ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ನಿವೃತ್ತರಾಗಿ, ಆ ಕೋಣೆಯಲ್ಲಿ ಈಗ ಅವಳೊಬ್ಬಳೇ.

ಅಕ್ಕ ಹೋದ ಮೇಲೆ ಕೈಗೆ ಬಂದ, ಆ ಹಳೆಯ ನುಡಿಯ ಮೊದಲ ಧಾತು 'ಪೆಕ್ತಿ', ಅಂದರೆ ಬೇಯಿಸು. ಸಂಸ್ಕೃತದ 'ಪಚತಿ' ಇದರ ದಾಯಾದಿ. ನಾವಾಡುವ ಪಾಕ, ಪಕ್ವ ಕೂಡ ಅದೇ ಮನೆತನದವು. ಲಿಥುವೇನಿಯನ್‌ನಲ್ಲಂತೂ ಅಕ್ಷರಗಳು ಜಾಗ ಬದಲಿಸಿಕೊಂಡು 'ಕೆಪ್ತಿ' ಆಗಿವೆ. ಇಷ್ಟೂ ಸಲೀಸಾಗಿ ಸಾಗಿತು. ಆದರೆ ತನ್ನನ್ನೇ ಬೇಯಿಸಿಕೊಳ್ಳುವ ಅರ್ಥದಲ್ಲಿ ಅದೇ ಧಾತು 'ಒಬ್ಬರಿಗಾಗಿ ಚಿಂತಿಸು' ಎಂದಾಗುತ್ತದೆ. ರಷ್ಯನ್ನರು ದುಃಖಕ್ಕೆ ಹೇಳುವ 'ಪೆಚಾಲ್' ಹುಟ್ಟಿದ್ದೂ ಇದರಿಂದಲೇ.

ಅಲ್ಲಿ ಅವಳ ಪೆನ್ನು ನಿಂತಿತು. ನಮ್ಮ 'ಬೇಗುದಿ' ನೆನಪಾಯಿತು. ಬೇಯುವುದೂ ಕುದಿಯುವುದೂ ಸೇರಿ ಆದ ಸಂಕಟ. ಅದನ್ನೂ ಬರೆದಳು. ಆ ಸಂಜೆ ಮನೆಯ ಬಾಗಿಲು ತೆಗೆಯುತ್ತಲೇ, "ಅಕ್ಕಾ, ಇಲ್ಕೇಳು," ಎಂದುಬಿಟ್ಟಳು. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ.

ಅಕ್ಕನ ಮಗಳಿಗೆ ಫೋನ್ ಮಾಡಿದಳು.

"ಬೇಯಿಸೋದಕ್ಕೂ ದುಃಖಕ್ಕೂ ಒಂದೇ ಬೇರಂತೆ ಕಣೇ."

"ಹೌದಾ ಚಿಕ್ಕಮ್ಮ? ಚೆನ್ನಾಗಿದೆ. ಊಟ ಆಯ್ತಾ?"

"ಆಯ್ತು," ಎಂದಳು. ಆಗಿರಲಿಲ್ಲ.

ಮರುವಾರ ಸಂಪಾದಕರು ಅವಳನ್ನು ಕರೆಸಿದರು.

"ಬೇಗುದಿ ತೆಗೀರಿ ಮೇಡಂ. ಅದು ದ್ರಾವಿಡ ಪದ, ಬೇರೆ ಕುಲದ್ದು. ಹೋಲುತ್ತೆ, ಅಷ್ಟೆ. ನೆಂಟಸ್ತನ ಇಲ್ಲ."

"ಗೊತ್ತು ಸರ್."

"ಗೊತ್ತಿದ್ದೂ ಯಾಕೆ ಬರೆದ್ರಿ?"

"ನಮ್ಮದು ಅಂತ ಒಂದೇ ಒಂದು ಮಾತು ಜೊತೆಗಿರಲಿ ಅನ್ನಿಸ್ತು."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆ ಸಾಲನ್ನು ಅವಳೇ ಹೊಡೆದುಹಾಕಿದಳು. ಅವರು ಹೇಳಿದ್ದು ಸರಿಯೇ ಇತ್ತು.

ನಿಘಂಟು ಅಚ್ಚಾಗಿ ಬಂತು. ಒಂದು ಪ್ರತಿಯನ್ನು ಅಕ್ಕನ ಮಗಳಿಗೆ ಕಳಿಸಿದಳು, ಇನ್ನೊಂದನ್ನು ತಾನಿಟ್ಟುಕೊಂಡಳು. ರಾತ್ರಿ ಒಲೆ ಹಚ್ಚಿ ಪಾತ್ರೆ ಇಟ್ಟಳು. ಬೆಂದದ್ದು ಎಂದಿನಂತೆ ಇಬ್ಬರಿಗಾಗುವಷ್ಟಿತ್ತು. ಒಬ್ಬಳಿಗೆ ಎಷ್ಟು ಹಾಕಬೇಕೆಂಬ ಅಂದಾಜು ಅವಳಿಗಿನ್ನೂ ಸಿಕ್ಕಿರಲಿಲ್ಲ.