ದೇವಕಮ್ಮ ಕಂಪ್ಯೂಟರಿನಲ್ಲಿ ಕಾಸಿದ ಹಲಗೆ

ಕೆಂಭಾವಿಯ ನಮ್ಮ ಓಣಿಗೆ ಬಂದು, ಕಂಪ್ಯೂಟರಿನಲ್ಲಿ ಹಾಡು ಕಟ್ಟುವವರು ಯಾರೆಂದು ಕೇಳಿ ನೋಡಿ. ಸಣ್ಣ ಮಕ್ಕಳೂ ದೇವಕಮ್ಮನ ಮನೆ ತೋರಿಸುತ್ತಾರೆ. ನಾನು ಅದೇ ಓಣಿಯ ಶಾಲೆ ಮಾಸ್ತರ. ಅವಳ ವಿಷಯದಲ್ಲಿ ನಾನು ಸ್ವಲ್ಪ ಜಂಬ ಕೊಚ್ಚಿಕೊಂಡರೆ ಯಾರೂ ಬೇಜಾರು ಮಾಡಿಕೊಳ್ಳಬಾರದು.

ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆ ಭತ್ತ ಬಂತು, ನಾಟಿ ಹಚ್ಚುವ ಕೂಲಿ ಬಂತು. ದೇವಕಮ್ಮ ಗದ್ದೆಯಲ್ಲಿ ಬಾಗಿದಲ್ಲೇ ಹೊಸ ಹಾಡು ಕಟ್ಟುವವಳು. ಬಾಬಾಸಾಹೇಬರ ಜಯಂತಿಯ ಮೆರವಣಿಗೆಯಲ್ಲಿ ಮಾತ್ರ ಪ್ರತಿವರ್ಷ ಸಿನಿಮಾ ಧಾಟಿಗೆ ಬೇರೆ ಮಾತು ಕೂಡಿಸಿದ ಹಾಡುಗಳೇ. “ನಮ್ಮ ಜಯಂತಿಗಿ ಮಂದಿ ಧಾಟಿ ಯಾಕ?” ಎಂದು ಅವಳಿಗೆ ಸಿಟ್ಟು. ಈ ಸಲ ತನ್ನದೇ ಹಾಡು ಮೊಳಗಬೇಕೆಂದು ಹಠ ಹಿಡಿದು ಶಹಾಪುರದ ಬಸ್ ಹತ್ತಿದಳು. ಅಲ್ಲಿ ರಾಜಾಸಾಬನ ರೆಕಾರ್ಡಿಂಗ್ ಅಂಗಡಿ ಇದೆ.

“ಮೊದಲ ತಾಳ ಹಾಕ್ರಿ ಅಕ್ಕಾ, ಅದರ ಮ್ಯಾಲ ಸ್ವರ, ಕಡೀಕ ನಿಮ್ಮ ದನಿ. ಗ್ವಾಡಿ ಕಟ್ಟಿದಂಗ” ಎಂದ ರಾಜಾಸಾಬ. ಕೂಲಿ ಇಲ್ಲದ ದಿನ ಅವಳು ಕಂಪ್ಯೂಟರಿಗೆ ಜೋಡಿಸಿದ ಸಿಂಥಸೈಸರಿನ ಕೀಲಿಮಣೆಯ ಮುಂದೆ ಕೂತು ಕಲಿತಳು. ಒಂದು ಗುಂಡಿ ತಿರುವಿದರೆ ದನಿ ಏರುತ್ತದೆ, ಇನ್ನೊಂದು ತಿರುವಿದರೆ ಗುಂಯ್‌ಗುಡುವುದು ಬೇಗ ನಿಲ್ಲುತ್ತದೆ. ಒಮ್ಮೆ ಪೂರಾ ಹಾಡನ್ನೇ ಅಳಿಸಿ ಹಾಕಿ, ಕಂಪ್ಯೂಟರಿಗೆ ಬಾಯಿತುಂಬ ಬೈದು ಬಂದಳು.

ಹಾಡೇನೋ ಆಯಿತು. ಆದರೆ ಆ ಯಂತ್ರದೊಳಗೆ ಯಾವ್ಯಾವುದೋ ದೇಶದ ಡೋಲು ಇದ್ದವು, ನಮ್ಮ ಹಲಗೆ ಇರಲಿಲ್ಲ. ಹಲಗೆ ಇಲ್ಲದ್ದನ್ನು ತನ್ನ ಹಾಡೆನ್ನಲು ಅವಳಿಗೆ ಮನಸ್ಸು ಬರಲಿಲ್ಲ.

ಮನೆಯಲ್ಲೇ ದೊಡ್ಡ ಹಲಗೆಗಾರನಿದ್ದ, ಅವಳ ಅಪ್ಪ ಅಂಬ್ರಪ್ಪ. ಆದರೆ ಬೌದ್ಧ ದೀಕ್ಷೆ ತೆಗೆದುಕೊಂಡ ದಿನವೇ ಅವನು ಹಲಗೆ ಕೆಳಗಿಟ್ಟಿದ್ದ. ದೊಡ್ಡ ಮನೆಗಳ ಸಾವಿಗೆ, ಮದುವೆಗೆ ಕರೆದಾಗಲೆಲ್ಲ ಓಡಿಹೋಗಿ ಅಂಗಳದಾಚೆ ನಿಂತು ಬಾರಿಸಿದ್ದು ಅವನಿಗೆ ಸಾಕಾಗಿತ್ತು. ಅಂಥವನಿಗೆ ಬಾರಿಸು ಎನ್ನಲು ಮಗಳಿಗೆ ಬಾಯಿ ಬರಲಿಲ್ಲ. ಸಿಂಥಸೈಸರಿನಲ್ಲೇ ಹಲಗೆಯ ದನಿ ತಯಾರಿಸಿ ಮೊಬೈಲಿನಲ್ಲಿ ಕೇಳಿಸಿದಳು.

ಅಂಬ್ರಪ್ಪ ಮುಖ ಸಿಂಡರಿಸಿದ. “ಇದು ಹಸಿ ಹಲಗಿ ಅದ. ಬೆಂಕಿ ಕಂಡಿಲ್ಲ.”

ಹಲಗೆಯನ್ನು ಬಾರಿಸುವ ಮೊದಲು ಬೆಂಕಿಗೆ ಹಿಡಿದು ಕಾಸಬೇಕು. ಚರ್ಮ ಬಿಗಿದರೇನೇ ದನಿ ಖಣಖಣ ಅನ್ನುವುದು. ದೇವಕಮ್ಮ ಮತ್ತೆ ಶಹಾಪುರಕ್ಕೆ ಓಡಿ ದನಿ ಏರಿಸಿದಳು, ಗುಂಯ್‌ಗುಡುವುದನ್ನು ಕತ್ತರಿಸಿದಳು. “ಇನ್ನಷ್ಟು ಕಾಸು” ಎಂದ ಅಪ್ಪ. ಕಾಸಿ ತಂದಳು. “ಸುಟ್ಟು ಬಿಟ್ಟಿ ನೋಡವ್ವಾ, ಸ್ವಲ್ಪ ಇಳಸು” ಎಂದ. ಇದನ್ನು ಕೇಳಿ ರಾಜಾಸಾಬ ಬಿದ್ದು ಬಿದ್ದು ನಕ್ಕ.

ಕಡೆಗೊಂದು ದಿನ ಅಂಬ್ರಪ್ಪ ಮೊಬೈಲನ್ನು ಕಿವಿಯಿಂದ ತೆಗೆಯಲೇ ಇಲ್ಲ. ಅವನ ಬೆರಳುಗಳು ತೊಡೆಯ ಮೇಲೆ ಆಡತೊಡಗಿದವು. “ದನಿ ಖರೇ ಅದ. ಪೆಟ್ಟು ತಪ್ಯಾವ. ಎಲ್ಲದ ಆ ಅಂಗಡಿ?”

ಜೊತೆಗೆ ನಾನೂ ಹೋದೆ. ಅಂಬ್ರಪ್ಪ ಚಪ್ಪಲಿ ಹೊರಗೆ ಬಿಟ್ಟು ಗೋಡೆಗೆ ಆತು ನಿಂತ. ದೇವಕಮ್ಮ ತನ್ನ ಕುರ್ಚಿಯನ್ನೇ ಅವನತ್ತ ಎಳೆದಳು.

“ಕುಂಡ್ರು ಯಪ್ಪಾ. ಇಲ್ಲಿ ಕುಂತೇ ಬಾರಸ್ತಾರ.”

“ಯಾರ ಸಲುವಾಗಿ ಬಾರಸ್ಬೇಕು?”

“ನಮ್ಮ ಸಲುವಾಗಿ.”

ಅವನು ಕೂತ. ಎರಡು ಬೆರಳಿನಿಂದ ಎರಡು ಕೀಲಿ ಒತ್ತಿದ, ಮೊದಲು ಮೆಲ್ಲಗೆ, ಆಮೇಲೆ ಕೋಣೆ ನಡುಗುವಂತೆ. ದೇವಕಮ್ಮ ಕಣ್ಣೊರೆಸಿಕೊಳ್ಳುತ್ತಲೇ ರೆಕಾರ್ಡ್ ಮಾಡಿದಳು. ನನಗೂ ತಡೆಯಲಾಗಲಿಲ್ಲ.

ಜಯಂತಿಯ ದಿನ ಆ ಹಾಡು ದೊಡ್ಡ ಮನೆಗಳ ಮುಂದೆಯೇ ಹಾದುಹೋಯಿತು. ಅಂಬ್ರಪ್ಪ ಬಿಳಿ ಅಂಗಿ ತೊಟ್ಟು, ಬರಿಗೈ ಬೀಸಿಕೊಂಡು ಮೆರವಣಿಗೆಯ ಮುಂದೆ ನಡೆದ. ಕಟ್ಟೆಯ ಮೇಲಿದ್ದ ಮುದುಕರೊಬ್ಬರು ಕೂಗಿ ಕೇಳಿದರು, “ಹಲಗಿ ಯಾರು ಬಾರಸ್ಯಾರೋ ಅಂಬ್ರ್ಯಾ?”

ಅವನು ನಿಂತು, ತಲೆ ಎತ್ತಿ ಹೇಳಿದ. “ಹಾಡು ನನ್ನ ಮಗಳು ಕಟ್ಯಾಳ್ರಿ. ಹಲಗಿ ನಾ ಬಾರಸೀನಿ. ಕುರ್ಚಿ ಮ್ಯಾಲ ಕುಂತು ಬಾರಸೀನಿ.”