ಅಳತೆಯ ವಹಿಯಲ್ಲಿ ಗುಲಾಬಿ ಹಕ್ಕಿ

ರೋಣದ ಕಮರುನ್ನಿಸಾ ಹೆಂಗಸರ ಬಟ್ಟೆ ಹೊಲಿಯುವವಳು. ಬೆಳಕು ಚೆನ್ನಾಗಿ ಬೀಳುತ್ತದೆಂದು ಹೊಲಿಗೆ ಯಂತ್ರವನ್ನು ಹಿತ್ತಲ ಬಾಗಿಲಲ್ಲೇ ಇಟ್ಟುಕೊಂಡಿದ್ದಾಳೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಗಸಗಸೆ ಹಣ್ಣಿನ ಮರ. ಯಾರೂ ನೆಟ್ಟದ್ದಲ್ಲ. ಅದರ ಕೆಂಪು ಹಣ್ಣು ಉದುರಿ ಒಗೆದ ಬಟ್ಟೆಗೂ ಗಂಡ ಅಬ್ದುಲಮಜೀದನ ಬಿಳಿ ಸ್ಕೂಟರಿಗೂ ಕಲೆಯಾಗುತ್ತಿತ್ತು. ಬೈಕುಗಳಿಗೆ ಸೀಟ್ ಕವರ್ ಹಾಕುವ ಅಂಗಡಿಯವನಾದ ಅವನಿಗೆ ಕಲೆಯೆಂದರೆ ಆಗದು. ವರ್ಷಕ್ಕೆರಡು ಸಲವಾದರೂ ಮರ ಕಡಿಸುವ ಮಾತೆತ್ತುತ್ತಿದ್ದ.

ಹತ್ತು ವರ್ಷದ ಹಿಂದೆ ಒಂದು ಚಳಿಗಾಲದ ಬೆಳಿಗ್ಗೆ ಆ ಮರದಲ್ಲಿ ಅವಳು ಎಂದೂ ಕಾಣದ ಹಕ್ಕಿಗಳು ಕೂತಿದ್ದವು. ತಲೆ, ರೆಕ್ಕೆ, ಬಾಲ ಕಪ್ಪು. ಮೈ ಮಾತ್ರ ತಿಳಿ ಗುಲಾಬಿ. ಆ ಗುಲಾಬಿಗೆ ಯಾವ ದಾರ ಹೊಂದೀತೆಂದು ಅವಳು ಮೊದಲು ಯೋಚಿಸಿದಳು. ಆಮೇಲೆ ಕೈಗೆ ಸಿಕ್ಕ ಅಳತೆಯ ವಹಿಯಲ್ಲಿ, ಯಾರದೋ ತೋಳಿನ ಅಳತೆಯ ಕೆಳಗೆ, ತಾರೀಖು ಹಾಕಿ "ಗುಲಾಬಿ ಹಕ್ಕಿ, ಮೂವತ್ತು" ಎಂದು ಬರೆದಳು. ಮರುವರ್ಷ ಅವು ಕಾಣಲಿಲ್ಲ. ಬೇಸಿಗೆ ಹತ್ತುವವರೆಗೆ ಕಾದು "ಬರಲಿಲ್ಲ" ಎಂದು ಬರೆದಳು. ಹೀಗೆ ಕೆಲವು ವರ್ಷ ಬಂದವು, ಕೆಲವು ವರ್ಷ ಇಲ್ಲ. ಎರಡನ್ನೂ ಬರೆದಳು. ಯಾರಿಗೂ ಹೇಳಲಿಲ್ಲ, ಯಾರೂ ಕೇಳಿರಲಿಲ್ಲ.

ಎರಡು ವರ್ಷದ ಹಿಂದಿನ ಜನವರಿಯಲ್ಲಿ ಅಬ್ದುಲಮಜೀದ ಕೊನೆಗೂ ಕೊಡಲಿಯವನೊಬ್ಬನನ್ನು ಗೊತ್ತು ಮಾಡಿದ. ಅವನು ಸೋಮವಾರ ಬರಬೇಕಿತ್ತು. ರವಿವಾರ ಇನ್ನೂರು ಹಕ್ಕಿ ಬಂದವು. ರವಿಕೆ ಒಯ್ಯಲು ಬಂದಿದ್ದ ಶಿಕ್ಷಕಿ ನಾಗರತ್ನಾ ಮೊಬೈಲಿನಲ್ಲಿ ಚಿತ್ರ ತೆಗೆದು, ಹಕ್ಕಿ ನೋಡುವವರ ಗುಂಪಿಗೆ ಕಳಿಸಿದಳು. ಮರುದಿನ ಕೊಡಲಿಯವನಿಗಿಂತ ಮೊದಲೇ ಗದಗ, ಹುಬ್ಬಳ್ಳಿಯಿಂದ ಕ್ಯಾಮೆರಾದವರು ಬಂದಿಳಿದರು. ಇವು ಗುಲಾಬಿ ಕಬ್ಬಕ್ಕಿ, ಮಧ್ಯ ಏಷ್ಯಾದಿಂದ ಬರುವಂಥವು, ಜೋಳದ ಹೊಲದಲ್ಲಿ ಕಾಣುತ್ತವೆ, ಹಿತ್ತಲಲ್ಲಿ ಇಷ್ಟು ಹತ್ತಿರ ಸಿಗುವುದು ಅಪರೂಪ ಎಂದರು. ಅಬ್ದುಲಮಜೀದ ಒಳಗೆ ಹೋಗಿ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. ಕೊಡಲಿಯವನನ್ನು ಓಣಿಯ ತುದಿಯಲ್ಲೇ ತಡೆದು ವಾಪಸು ಕಳಿಸಿದ.

ಬುಧವಾರದ ಪತ್ರಿಕೆಯಲ್ಲಿ ಮರವನ್ನು ತಬ್ಬಿ ನಿಂತ ಅವನ ಚಿತ್ರವಿತ್ತು. ಮೇಲೆ "ಪಕ್ಷಿಪ್ರೇಮಿಯ ಮನೆಗೆ ವಿದೇಶಿ ಅತಿಥಿಗಳು" ಎಂಬ ತಲೆಬರಹ. ಮನೆಯವರು ಎಲ್ಲರಿಗೂ ಚಹಾ ಕೊಟ್ಟರೆಂದು ಕೊನೆಯ ಸಾಲಿನಲ್ಲಿತ್ತು. ಕಮರುನ್ನಿಸಾ ಎರಡು ಸಲ ಓದಿದಳು. ಆಮೇಲೆ ಅದೇ ಹಾಳೆಯನ್ನು ಮಡಚಿ ಒಂದು ಝಂಪರಿನ ಕೊರಳಿಗೆ ನಮೂನೆ ಕತ್ತರಿಸಿದಳು. ಕತ್ತರಿ ಗಂಡನ ಭುಜದ ಮೇಲೆ ಹಾಯ್ದು ಹೋಯಿತು.

ಪಕ್ಷಿಪ್ರೇಮಿಗೆ ಅಸೂಟಿಯ ಶಾಲೆಯಿಂದ ಭಾಷಣದ ಕರೆ ಬಂತು. ಹೇಳಲು ಏನಾದರೂ ಬೇಕಲ್ಲ ಎಂದು ಅವನು ತಡಕಾಡುವಾಗ ಅವಳು ಮೊದಲ ಸಲ ವಹಿಯ ಸಾಲುಗಳನ್ನು ತೋರಿಸಿದಳು. ಅವನು ವಹಿಯ ಸಮೇತ ಹೆಂಡತಿಯನ್ನೂ ಕರೆದೊಯ್ದ. ಅವನು ಅತಿಥಿಗಳ ಚೆಲುವನ್ನು ಹತ್ತು ನಿಮಿಷ ಹೊಗಳಿದ ಮೇಲೆ, ಹಿಂದೆ ನಿಂತಿದ್ದ ರೈತ ರಾಯಣ್ಣ ಕೇಳಿದ:

"ಸಾಹೇಬ್ರ, ನಿಮ್ಮ ಅತಿಥಿಗಳು ನನ್ನ ಹೊಲದಾಗ ಹಾಲ ತುಂಬಿದ ಜ್ವಾಳಾ ತಿಂದ ಹೋಗ್ಯಾವು. ಅದಕ್ಕೇನಂತೀರಿ?"

ಅಬ್ದುಲಮಜೀದ ಹೆಂಡತಿಯ ಕಡೆ ನೋಡಿದ. ಕಮರುನ್ನಿಸಾ ಸೆರಗು ಸರಿಮಾಡಿಕೊಂಡು ಎದ್ದಳು.

"ತಿಂತಾವ್ರಿ, ಖರೇ ಐತಿ. ಜ್ವಾಳಾ ತಿಂತಾವು, ಮಿಡತಿನೂ ತಿಂತಾವು. ನಮ್ಮನಿಯವರು ಬರೇ ಹಣ್ಣ ತಿನ್ನೋದ ನೋಡ್ಯಾರ, ಅದಕ್ಕ ಇಷ್ಟ ಪ್ರೀತಿ."

ಎಲ್ಲರೂ ನಕ್ಕರು, ರಾಯಣ್ಣನೂ ನಕ್ಕ. ಆಮೇಲೆ ಮಕ್ಕಳು ಪ್ರಶ್ನೆಗಳನ್ನೆಲ್ಲ ಅವಳಿಗೇ ಕೇಳಿದರು. ಶಾಲು ಹೊದಿಸಿದ್ದು ಮಾತ್ರ ಅವನಿಗೆ.

ಕಳೆದ ಚಳಿಗಾಲ ಹಕ್ಕಿಗಳು ಬರಲೇ ಇಲ್ಲ. ಕ್ಯಾಮೆರಾದವರು ತಪ್ಪದೆ ಬಂದರು. ಅಬ್ದುಲಮಜೀದ ಮರಕ್ಕೆ ಪಪ್ಪಾಯಿ ಹೋಳು ಕಟ್ಟಿ ನೋಡಿದ, ಇರುವೆ ಬಂದವು. ಬೀಗರೆದುರು ಮಾನ ಹೋದವನಂತೆ ಓಡಾಡಿ, ಹತ್ತಾದರೂ ಬಂದವೆಂದು ವಹಿಯಲ್ಲಿ ಬರೆದುಬಿಡು ಎಂದ.

"ಬರದ ಹಕ್ಕಿನ ಬಂತಂತ ಹ್ಯಾಂಗ ಬರೀಲ್ರೀ? ಅಳತಿ ತಪ್ಪ ಬರದ್ರ ಝಂಪರ ಮೈಗೆ ಕೂಡಂಗಿಲ್ಲ," ಎಂದಳು ಕಮರುನ್ನಿಸಾ.

ಬಂದವರಲ್ಲೊಬ್ಬರಾದ ಕಾಲೇಜಿನ ಪ್ರಾಧ್ಯಾಪಕ ಇನಾಯತರು ಅದನ್ನು ಕೇಳಿಸಿಕೊಂಡು ವಹಿ ನೋಡಲು ಬಯಸಿದರು. ಅವಳು ತಾನೇ ವಹಿ ಹಿಡಿದು, ಅಳತೆಗಳ ಮೇಲೆ ಕೈಯಿಟ್ಟು, ಹಕ್ಕಿಯ ಸಾಲುಗಳನ್ನು ತೋರಿಸಿದಳು. ಬಂದ ಹಕ್ಕಿಯ ಚಿತ್ರ ಸಾವಿರಾರು ಇವೆ, ಬಾರದ ವರ್ಷವನ್ನು ಬರೆದಿಟ್ಟವರು ತಮಗೆ ಸಿಕ್ಕಿಲ್ಲ ಎಂದು, ಅವರು ವಹಿಯನ್ನು ಒಯ್ಯಲು ಕೇಳಿದರು. ಕಮರುನ್ನಿಸಾ ಕೊಡಲಿಲ್ಲ. ಅದರಲ್ಲಿ ಊರ ಹೆಂಗಸರ ಅಳತೆಯಿದೆ, ಗಂಡಸರ ಕೈಗೆ ಹೋಗುವಂಥದಲ್ಲ ಎಂದಳು. ಬದಲಿಗೆ ನಾಲ್ಕು ದಿನ ಕೂತು ಹಕ್ಕಿಯ ಸಾಲುಗಳನ್ನಷ್ಟೇ ಬೇರೆ ಹಾಳೆಗೆ ಇಳಿಸಿದಳು. ಅಷ್ಟರಲ್ಲಿ ಮದುಮಗಳೊಬ್ಬಳ ರವಿಕೆ ತಡವಾಗಿ, ಬೈಸಿಕೊಂಡದ್ದೂ ಆಯಿತು. ಹಾಳೆಯ ಮೇಲ್ಗಡೆ, ನೋಡಿದವರ ಹೆಸರು ಎಂಬಲ್ಲಿ, ತನ್ನ ಪೂರ್ತಿ ಹೆಸರನ್ನು ನಿಧಾನವಾಗಿ ಬರೆದಳು. ಗಂಡ ಪಕ್ಕದಲ್ಲೇ ನಿಂತು ನೋಡಿದ.

ಈಗ ಆ ಹಾಳೆಯ ಜೆರಾಕ್ಸ್ ಪ್ರತಿಗೆ ಲ್ಯಾಮಿನೇಷನ್ ಮಾಡಿಸಿ ಅವನೇ ಅಂಗಡಿಯಲ್ಲಿ ತೂಗುಹಾಕಿದ್ದಾನೆ. ಗಿರಾಕಿಗಳು ಅದನ್ನು ಬಸ್ಸಿನ ವೇಳಾಪಟ್ಟಿಯೆಂದುಕೊಂಡು, ಗಜೇಂದ್ರಗಡದ ಬಸ್ಸು ಯಾಕೆ ಇಷ್ಟು ಸಲ ಬಂದಿಲ್ಲವೆಂದು ಕೇಳುತ್ತಾರೆ. ಅವನು ಕೈಯಲ್ಲಿನ ಸೂಜಿ ಕೆಳಗಿಟ್ಟು, ಹೆಂಡತಿಯ ಹಕ್ಕಿಗಳ ಕಥೆಯನ್ನು ಮೊದಲಿನಿಂದ ಶುರುಮಾಡುತ್ತಾನೆ.